ಸಾಕ್ಷ್ಯಕ್ಕೂ ಒಂದು ಮೇರೆ

ಆಸ್ತಿಯ ಪಾಲು, ಬಸದಿಯ ಲೆಕ್ಕ, ದಾಂಪತ್ಯದ ಮನಸ್ತಾಪ ಇವು ನ್ಯಾಯಾಲಯದ ಮೆಟ್ಟಿಲೇರಿದಾಗ ಹಿಂದೆ ಪೆಟ್ಟಿಗೆಯಲ್ಲಿನ ಕಾಗದಪತ್ರಗಳನ್ನು ಹುಡುಕುತ್ತಿದ್ದೆವು. ಇಂದು ಮೊಬೈಲನ್ನು ತೆರೆಸುತ್ತೇವೆ. ಪುತ್ತೂರು, ಸುಳ್ಯ, ಕಡಬದ ಕುಟುಂಬಗಳೂ ಇದಕ್ಕೆ ಹೊರತಲ್ಲ. ಅಳಿಸಿದ ಸಂದೇಶವನ್ನು ಮರಳಿ ಪಡೆದು ಪ್ರಮಾಣಪತ್ರ ನೀಡುವ ಖಾಸಗಿ ಸೇವೆಗಳೂ ಹುಟ್ಟಿಕೊಂಡಿವೆ. ಅವರು ಎಲ್ಲಿಯವರೆಗೆ ನೋಡಬಹುದೆಂಬುದೇ ಇಲ್ಲಿ ವಿಚಾರಣೀಯವಾದ ಸಂಗತಿ.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ವಿದ್ಯುನ್ಮಾನ ದಾಖಲೆಗೆ ಎರಡು ಭಾಗಗಳ ಪ್ರಮಾಣಪತ್ರವನ್ನು ವಿಧಿಸಿದೆ. ಒಂದಕ್ಕೆ ದಾಖಲೆಯನ್ನು ಹಾಜರುಪಡಿಸುವವರು, ಇನ್ನೊಂದಕ್ಕೆ ತಜ್ಞರು ಸಹಿ ಮಾಡಬೇಕು. ಅದರಲ್ಲಿ ನಮೂದಿಸಬೇಕಾದ ‘ಹ್ಯಾಶ್’ ಮೌಲ್ಯವು ದಾಖಲೆಯ ಬೆರಳಚ್ಚಿನಂತೆ. ಒಂದಕ್ಷರ ತಿದ್ದಿದರೂ ಅದು ಬೇರೆಯಾಗುತ್ತದೆ. ಕ್ರಮವೇನೋ ಸ್ತುತ್ಯವೇ. ಆದರೆ ತಜ್ಞರು ಎಷ್ಟನ್ನು ನೋಡಿದರು, ಎಷ್ಟು ಪ್ರತಿ ಇಟ್ಟುಕೊಂಡರು, ಅವನ್ನು ಎಂದು ಅಳಿಸಿದರು ಎಂದು ಕೇಳುವ ಅಂಕಣ ಆ ನಮೂನೆಯಲ್ಲಿಲ್ಲ.

ವೀರೇಂದ್ರ ಖನ್ನಾ ಪ್ರಕರಣದಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ, ಮೊಬೈಲಿನಿಂದ ದೊರೆತ ಮಾಹಿತಿಯನ್ನು ನ್ಯಾಯಾಲಯದ ಲಿಖಿತ ಅನುಮತಿಯಿಲ್ಲದೆ ಮೂರನೆಯವರಿಗೆ ಕೊಡಕೂಡದೆಂದು ವಿಧಿಸಿತು. ಆ ಲಗಾಮು ತನಿಖಾಧಿಕಾರಿಗೆ. ನಾವೇ ಹಣ ತೆತ್ತು ಕರೆಸಿದ ತಜ್ಞನಿಗಲ್ಲ. ದಂಪತಿಗಳಲ್ಲಿ ಒಬ್ಬರು ಗುಟ್ಟಾಗಿ ಮುದ್ರಿಸಿಕೊಂಡ ಮಾತುಕತೆಯನ್ನು ವಿವಾಹ ವ್ಯಾಜ್ಯದಲ್ಲಿ ಸಾಕ್ಷ್ಯವಾಗಿ ಸ್ವೀಕರಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2025ರ ಜುಲೈ 14ರಂದು ತೀರ್ಪಿತ್ತಿದೆ. ಆದರೆ ನ್ಯಾಯಾಲಯ ಸ್ವೀಕರಿಸುವುದೆಲ್ಲವೂ ಗೃಹಸ್ಥನಿಗೆ ಆಚರಣೀಯವೆಂದು ಭಾವಿಸಲಾಗದು.

ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ ರಹೋಭ್ಯಾಖ್ಯಾನವನ್ನೂ ಒಟ್ಟಿಗೇ ಎಣಿಸಿದೆ. ಸುಳ್ಳು ದಾಖಲೆಯನ್ನು ಸೃಷ್ಟಿಸುವುದಷ್ಟೇ ಅಲ್ಲ, ಪರರ ಏಕಾಂತವನ್ನು ಬಯಲಿಗೆಳೆಯುವುದೂ ಸತ್ಯಕ್ಕೆ ಕಳಂಕ. ಮೊದಲನೆಯದನ್ನು ‘ಹ್ಯಾಶ್’ ಕಾಯುತ್ತದೆ. ಎರಡನೆಯದನ್ನು ಕಾಯಬೇಕಾದವರು ನಾವು. ಒಬ್ಬರ ಮೊಬೈಲಿನಲ್ಲಿ ಅವರೊಬ್ಬರ ಬದುಕಷ್ಟೇ ಇರುವುದಿಲ್ಲ. ತಂಗಿಯ ಅಳಲು, ನೆರೆಯವರ ಸಾಲ, ಗೆಳೆಯನ ಕಾಯಿಲೆ ಎಲ್ಲವೂ ಅಲ್ಲಿರುತ್ತವೆ. ವ್ಯಾಜ್ಯಕ್ಕೆ ಸಂಬಂಧಿಸದ ಅವರಾರೂ ಒಪ್ಪಿಗೆ ಕೊಟ್ಟವರಲ್ಲ.

ಆದುದರಿಂದ ಸಾಧನವನ್ನು ಒಪ್ಪಿಸುವ ಮೊದಲೇ ಕರಾರು ಬರಹದಲ್ಲಿರಲಿ: ಯಾವ ಸಂಖ್ಯೆಯ, ಯಾವ ದಿನಾಂಕಗಳ ಸಂದೇಶ, ಯಾರು ನೋಡುವರು, ಪ್ರತಿಗಳನ್ನು ಎಂದು ಅಳಿಸುವರು. ತಮ್ಮದಲ್ಲದ ಮೊಬೈಲನ್ನು ಮಾಲೀಕರ ಸಮ್ಮತಿ ಅಥವಾ ನ್ಯಾಯಾಲಯದ ಆದೇಶವಿಲ್ಲದೆ ಯಾರೂ ಒಪ್ಪಿಸದಿರಲಿ. ಬಸದಿಯ ಕ್ಯಾಮೆರಾ ದೃಶ್ಯಗಳನ್ನು ಕೊಡುವಾಗ ಆಡಳಿತ ಮಂಡಳಿಯು ನಿರ್ಣಯ ಕೈಗೊಂಡು, ಸಂಬಂಧಪಟ್ಟ ಹೊತ್ತಿನದನ್ನಷ್ಟೇ ಕೊಡಲಿ. ತಮಗೆ ಪ್ರತಿಕೂಲವಾದುದು ದೊರೆತರೆ ಅದನ್ನು ಮರೆಮಾಚಲು ತಜ್ಞರನ್ನು ಒತ್ತಾಯಿಸದಿರಲಿ.

ವ್ಯಾಜ್ಯ ಒಂದು ದಿನ ಮುಗಿಯುತ್ತದೆ. ಬಯಲಾದ ಗುಟ್ಟನ್ನು ಮರಳಿ ಮುಚ್ಚಿಡಬಲ್ಲ ತೀರ್ಪು ಯಾವ ನ್ಯಾಯಾಲಯದಲ್ಲೂ ಇಲ್ಲ.