ತಂಬೂರಿಯ ಗುಡಿ, ಮೊಬೈಲಿನ ಶ್ರುತಿ

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣಕ್ಕೆ ಹೋದವರ ಕಣ್ಣು ಸೆಳೆಯುವುದು ತಂಬೂರಿಯ ಆಕಾರದಲ್ಲಿ ಕಟ್ಟಿರುವ ಸಪ್ತಸ್ವರ ದೇವತಾ ಧ್ಯಾನ ಮಂದಿರ. ವಿದ್ವಾನ್ ಆರ್.ಕೆ. ಪದ್ಮನಾಭ ಅವರು ಹುಟ್ಟೂರಿಗಾಗಿ ಹೊಣೆ ಹೊತ್ತು ಮಾಡಿಸಿದ ಕೆಲಸ ಅದು. ಕಾವೇರಿ ದಡದ ಈ ಸಂಕೇತಿ ಸಮುದಾಯದ ಊರಿನಿಂದ ಬಂದ ಸಂಗೀತಗಾರರು ಒಬ್ಬಿಬ್ಬರಲ್ಲ: ಆರ್.ಕೆ. ಶ್ರೀಕಂಠನ್, ವೀಣೆಯ ಆರ್.ಕೆ. ಸೂರ್ಯನಾರಾಯಣ, ರುದ್ರಪಟ್ಟಣಂ ಸಹೋದರರೆಂದೇ ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್. ಊರಿನಲ್ಲಿ ಸಂಗೀತೋತ್ಸವವೂ ನಡೆಯುತ್ತ ಬಂದಿದೆ. ಇವರೆಲ್ಲರ ಸಂಗೀತ ಮೊಬೈಲಿನಲ್ಲೇ ಸಿಗುವಾಗ ಕಚೇರಿಗೆ ಹೋಗಿ ಕೂರುವುದೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ.

ಮೊದಲು ಧ್ವನಿಮುದ್ರಣದ ಋಣವನ್ನು ಒಪ್ಪಿಕೊಳ್ಳೋಣ. 1920ರಲ್ಲಿ ಹುಟ್ಟಿದ ಶ್ರೀಕಂಠನ್ 2014ರಲ್ಲಿ ತೀರಿಕೊಂಡರು. ತೊಂಬತ್ತು ದಾಟಿದ ಮೇಲೂ ವೇದಿಕೆಯಲ್ಲಿ ಹಾಡಿದ ಆ ದನಿ ಇಂದಿನ ವಿದ್ಯಾರ್ಥಿಗೆ ದಕ್ಕುವುದು ಧ್ವನಿಮುದ್ರಣದಲ್ಲಿ ಮಾತ್ರ. ಸಾಹಿತ್ಯದ ಒಂದಕ್ಷರವನ್ನೂ ನುಂಗದ ಅವರ ಉಚ್ಚಾರ, ಸಂಗತಿಗಳನ್ನು ಒಂದರ ಮೇಲೊಂದು ಜೋಡಿಸುವ ಕ್ರಮ, ಇವನ್ನು ಹಿಂದಕ್ಕೆಳೆದು ಹತ್ತು ಸಲ ಕೇಳಿ ಕಲಿಯಬಹುದು. ಕಚೇರಿಯಲ್ಲಿ ಆ ಸೌಲಭ್ಯವಿಲ್ಲ. ಹಾಗಾಗಿ ಕೃತಿಯ ಪಾಠಕ್ಕೆ ಧ್ವನಿಮುದ್ರಣವೇ ಮೇಲು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಹಾಡುತ್ತಲೇ ಹೊಸದಾಗಿ ಕಟ್ಟುವ ಮನೋಧರ್ಮದ ವಿಷಯ ಬೇರೆ. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ ರಾಗವನ್ನು ಸುಮಾರು ಮೂರು ನಿಮಿಷಕ್ಕೆ ಮಡಚಬೇಕಾಯಿತು. ಇಂದು ಆ ಮಿತಿ ಇಲ್ಲ, ಗಂಟೆಗಟ್ಟಲೆ ಮುದ್ರಿಸಬಹುದು. ಆದರೂ ಒಂದು ಕೊರತೆ ಉಳಿದಿದೆ. ಕೃತಿಯ ಒಂದು ಸಾಲನ್ನು ಬಗೆಬಗೆಯಾಗಿ ಬೆಳೆಸುವ ನೆರವಲ್ ನಡೆಯುವಾಗ ಗಾಯಕ ಒಂದು ಪ್ರಯೋಗವನ್ನು ಅರ್ಧಕ್ಕೆ ಬಿಟ್ಟು ಪಿಟೀಲಿನತ್ತ ನೋಡುತ್ತಾನೆ. ಪಿಟೀಲಿನವರು ಅದನ್ನು ತಮ್ಮದೇ ದಾರಿಯಲ್ಲಿ ಮುಗಿಸುತ್ತಾರೆ. ಮೃದಂಗದವರು ತಲೆದೂಗುತ್ತಾರೆ, ಮುಂದಿನ ಸಾಲಿನ ಹಿರಿಯರಿಂದ ‘ಭಲೇ’ ಹೊರಡುತ್ತದೆ. ಅದನ್ನು ಕೇಳಿಸಿಕೊಂಡ ಗಾಯಕ ಅದೇ ಸಾಲನ್ನು ಇನ್ನೂ ಎರಡು ಆವರ್ತ ಬೆಳೆಸುತ್ತಾನೆ. ಆ ಎರಡು ಆವರ್ತ ಹುಟ್ಟಿದ್ದು ಕೇಳುಗರಿಂದ. ಧ್ವನಿಮುದ್ರಣದಲ್ಲಿ ಫಲ ಕೇಳಿಸುತ್ತದೆ, ಅದಕ್ಕೆ ಕಾರಣವಾಗುವ ಭಾಗ್ಯ ನಮಗಿಲ್ಲ.

ಇನ್ನು ನಾದ. ಕಚೇರಿಗೆ ಮುಂಚೆ ಮೃದಂಗದವರು ರವೆ ಕಲಸಿ ಎಡಮುಖಕ್ಕೆ ಮೆತ್ತಿ, ಬಲಮುಖದ ಅಂಚನ್ನು ಕಲ್ಲಿನಿಂದ ತಟ್ಟಿ ತಟ್ಟಿ ಶ್ರುತಿಗೆ ತರುತ್ತಾರೆ. ಹೀಗೆ ಹದಗೊಂಡ ಎಡದ ಗುಂಕಾರ ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಬಹುಪಾಲು ಕಾಣೆಯಾಗುತ್ತದೆ. ಬಲದ ಚಾಪು ಮಾತ್ರ ಟಕಟಕ ಎನ್ನುತ್ತದೆ. ಅರ್ಧ ಮೃದಂಗ ಕೇಳಿ, ತಾಳವಾದ್ಯಕ್ಕೇ ಮೀಸಲಾದ ತನಿಯಾವರ್ತನ ಬೇಸರವೆನ್ನುವುದು ಅನ್ಯಾಯ.

ಆದರೆ ಕಚೇರಿಗೆ ಹೋದ ಮಾತ್ರಕ್ಕೆ ಪೂರ್ತಿ ನಾದ ಸಿಗುತ್ತದೆಯೇ? ಈಗಿನ ಅನೇಕ ಸಭೆಗಳಲ್ಲಿ ಮನೆಯಲ್ಲಿ ಸಣ್ಣ ಸ್ಪೀಕರಿನಲ್ಲಿ ಕೇಳುವುದನ್ನೇ ದೊಡ್ಡ ಸ್ಪೀಕರಿನಲ್ಲಿ ಕೇಳುತ್ತೇವೆ. ಇನ್ನೂರು ಜನರ ಸಭಾಂಗಣಕ್ಕೆ ಜಾತ್ರೆಯ ಮೈಕು. ಗಾಯಕನ ಮೆಲುದನಿಯ ಗಮಕ ಆ ಗದ್ದಲದಲ್ಲಿ ಕರಗುತ್ತದೆ. ಹಾಗೆಂದು ಮೈಕೇ ಬೇಡವೆನ್ನಲಾಗದು. ಹಿಂದಿನ ಸಾಲಿಗೂ ಪಿಟೀಲು ಕೇಳಿಸಬೇಕೆಂದೇ ವಿದ್ವಾನ್ ತಿರುಮಕೂಡಲು ಚೌಡಯ್ಯನವರು ಅದಕ್ಕೆ ಏಳು ತಂತಿ ಹೂಡಿದ್ದರು. ದನಿ ಮುಟ್ಟಿಸುವ ಕಷ್ಟ ಹಳೆಯದು. ಆದರೆ ಮುಟ್ಟಿಸುವುದಕ್ಕೂ ಕಿವಿಗೆ ಅಪ್ಪಳಿಸುವುದಕ್ಕೂ ವ್ಯತ್ಯಾಸವಿದೆ.

ನನಗೆ ಹೆಚ್ಚು ನೋವಾಗುವುದು ತಂಬೂರಿಯ ವಿಷಯದಲ್ಲಿ. ತಂತಿಯ ಕೆಳಗೆ ಜೀವಾಳದ ದಾರ ಸರಿಯಾಗಿ ಕೂತಾಗ ಒಂದೊಂದು ಮೀಟಿನಿಂದಲೂ ಹಲವು ಸ್ವರಗಳು ಬಿಚ್ಚಿಕೊಳ್ಳುತ್ತವೆ, ಮೀಟದ ಗಾಂಧಾರವೂ ತಾನಾಗಿ ನುಡಿಯುತ್ತದೆ. ಎಷ್ಟೋ ವೇದಿಕೆಗಳಲ್ಲಿ ಈಗ ಅದರ ಜಾಗದಲ್ಲಿರುವುದು ಶ್ರುತಿಪೆಟ್ಟಿಗೆ, ಇಲ್ಲವೇ ಮೊಬೈಲಿನ ಆ್ಯಪ್. ಎಂದರೆ ಎದುರಿನ ಕಚೇರಿಯ ಬುಡದಲ್ಲೇ ಯಂತ್ರದ ನಾದ ಬಂದು ಕೂತಿದೆ. ತಂಬೂರಿಯ ಆಕಾರದಲ್ಲೇ ಗುಡಿ ಕಟ್ಟಿದ ಜಿಲ್ಲೆ ನಮ್ಮದು. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣದ ಸಂಘಟಕರು ಉತ್ಸವಕ್ಕೊಂದಾದರೂ ಕಚೇರಿಯನ್ನು ನಿಜವಾದ ತಂಬೂರಿ ಇಟ್ಟು, ಚಿಕ್ಕ ಅಂಗಳದಲ್ಲಿ, ಮೈಕಿಲ್ಲದೆ ಏರ್ಪಡಿಸಲಿ. ಕೇಳುಗರಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ತನಿ ಶುರುವಾದಾಗ ದಯವಿಟ್ಟು ಎದ್ದು ಹೋಗಬೇಡಿ.