ಬರಹಗಾರರ ಸ್ವಂತ ಅಚ್ಚುಮನೆ

ಗಿಟ್‌ಹಬ್ ಸಂಸ್ಥಾಪಕರಲ್ಲಿ ಒಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್ 2008ರ ನವೆಂಬರಿನಲ್ಲಿ ‘ಬ್ಲಾಗಿಂಗ್ ಲೈಕ್ ಎ ಹ್ಯಾಕರ್’ ಎಂಬ ಚಿಕ್ಕ ಲೇಖನ ಬರೆದರು. ಬರಹ ಡೇಟಾಬೇಸಿನ ಮೂಲೆಯಲ್ಲಿ ಕೊಳೆಯುವುದು, ಪ್ರತಿಕ್ರಿಯೆಗಳನ್ನು ಸೋಸುತ್ತ ಕೂರುವುದು, ಹೊಸ ಆವೃತ್ತಿಗಳ ಹಿಂದೆ ಓಡುವುದು ಇವೆಲ್ಲ ಸಾಕಾಗಿ ಜೆಕಿಲ್ ಎಂಬ ತಂತ್ರಾಂಶ ಕಟ್ಟಿದ್ದಾಗಿ ಅಲ್ಲಿ ಹೇಳುತ್ತಾರೆ. ತಂತ್ರಜ್ಞರು ಅದನ್ನು ಕೈಪಿಡಿಯಂತೆ ಓದಬಹುದು. ನನಗೆ ಬರಹಗಾರರ ಸ್ವಾತಂತ್ರ್ಯದ ಪ್ರಣಾಳಿಕೆಯಂತೆ ಕಾಣುತ್ತದೆ; ಅದಕ್ಕೇ ಅದರೊಂದಿಗೆ ನನ್ನದೊಂದು ಜಗಳವೂ ಇದೆ.

ಜೆಕಿಲ್, ಆಮೇಲೆ 2013ರಲ್ಲಿ ಬಂದ ಹ್ಯೂಗೊ, ಇವುಗಳ ಕೆಲಸ ಸರಳ. ಬರಹವನ್ನು ಮಾರ್ಕ್‌ಡೌನ್‌ನಲ್ಲಿ ಸಾದಾ ಕಡತವಾಗಿ ಬರೆದಿಟ್ಟು ಒಂದು ಆಜ್ಞೆ ಕೊಟ್ಟರೆ ಇಡೀ ತಾಣದ ಪುಟಗಳು ಒಮ್ಮೆಗೇ ಸಿದ್ಧವಾಗುತ್ತವೆ. ವರ್ಡ್‌ಪ್ರೆಸ್‌ನಂಥ ವ್ಯವಸ್ಥೆ ಡೇಟಾಬೇಸಿನಿಂದ ಹೆಕ್ಕಿ ಪುಟ ಜೋಡಿಸುತ್ತದೆ. ಇಲ್ಲಿ ಮೊಳೆ ಜೋಡಿಸಿ ಅಚ್ಚಾದ ಹಾಳೆ ಓದುಗರಿಗಾಗಿ ಮೊದಲೇ ಕಾದಿರುತ್ತದೆ.

ನಾನೂ ನನ್ನ ಬರಹಗಳನ್ನು ಹೀಗೇ ಇಟ್ಟುಕೊಂಡಿದ್ದೇನೆ. ಇದರ ಬೆಲೆ ಕನ್ನಡದವರಿಗೆ ಬೇಗ ತಿಳಿಯುತ್ತದೆ. ಯೂನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಟೈಪಿಸಿದ ಕಡತವನ್ನು ಆ ಫಾಂಟಿಲ್ಲದ ಗಣಕದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಅಕ್ಷರಗಳ ರಾಶಿ. 2009ರಲ್ಲಿ ಯಾಹೂ ಅಮೆರಿಕದ ಜಿಯೋಸಿಟೀಸನ್ನು ಮುಚ್ಚಿದಾಗ ಲಕ್ಷಾಂತರ ಜನರ ಪುಟಗಳು ತಮ್ಮ ವಿಳಾಸ ಕಳೆದುಕೊಂಡವು. ಯೂನಿಕೋಡಿನ ಸಾದಾ ಕಡತ ನಮ್ಮ ಕೈಯಲ್ಲೇ ಇದ್ದರೆ ಸರ್ವರ್ ಬದಲಾದರೂ ಬರಹ ಉಳಿಯುತ್ತದೆ. ಜೊತೆಗೆ ಗಿಟ್ ಬಳಸಿದರೆ, ದಾಖಲಿಸಿದ ಪ್ರತಿ ತಿದ್ದುಪಡಿಯೂ ಉಳಿಯುತ್ತದೆ. ಪಾಠಾಂತರ ಹುಡುಕುವ ನಾಳಿನ ಸಂಪಾದಕರಿಗೆ ಅದು ದೊಡ್ಡ ಉಪಕಾರ.

ಆದರೆ ಪ್ರೆಸ್ಟನ್-ವರ್ನರ್ ಪ್ರತಿಕ್ರಿಯೆಗಳನ್ನು ಬರಿಯ ಉಪದ್ರವಗಳ ಪಟ್ಟಿಗೆ ಸೇರಿಸುವುದನ್ನು ನಾನು ಒಪ್ಪಲಾರೆ. ಸಿದ್ಧ ಪುಟಕ್ಕೆ ಓದುಗರ ಮಾತನ್ನು ತಾನಾಗಿ ಸೇರಿಸಿಕೊಳ್ಳುವ ಶಕ್ತಿಯಿಲ್ಲ. ಅದಕ್ಕೆ ಹೊರಗಿನ ಸೇವೆಯೊಂದನ್ನು ಅಂಟಿಸಿದರೆ, ಬಿಟ್ಟುಬಂದ ಪರಾವಲಂಬನೆ ಹಿಂಬಾಗಿಲಿನಿಂದ ಒಳಬರುತ್ತದೆ. ಅದೂ ಬೇಡವೆಂದು ಸುಮ್ಮನಾದರೆ ಸಂಪಾದಕರೂ ಇಲ್ಲ, ತಕರಾರು ತೆಗೆಯುವ ಓದುಗರೂ ಇಲ್ಲ. ಇಂಥ ಕಡೆ ಬರಹಗಾರರ ಅಭ್ಯಾಸದ ವಾಕ್ಯಗಳು, ಪರೀಕ್ಷೆಗೊಳಗಾಗದ ತೀರ್ಮಾನಗಳು ಹಾಗೇ ಗಟ್ಟಿಯಾಗುತ್ತವೆ. ವಿಮರ್ಶೆ ಬೆಳೆಯುವುದು ಎದುರುಮಾತಿನಿಂದ.

ಇದಕ್ಕೆ ತಂತ್ರಾಂಶವನ್ನು ದೂರಿ ಫಲವಿಲ್ಲ. ಕಡತ ಕಾಯುವುದು ಅದರ ಕೆಲಸ, ಜಗಳಕ್ಕೆ ಜಾಗ ಮಾಡುವುದು ನಮ್ಮದು. ನಾನು ಪ್ರತಿ ಲೇಖನದ ಕೆಳಗೆ ಇಮೇಲ್ ವಿಳಾಸ ಕೊಡುತ್ತೇನೆ. ಯಾರಾದರೂ ಭಿನ್ನಾಭಿಪ್ರಾಯ ಬರೆದರೆ, ಅವರ ಒಪ್ಪಿಗೆ ಪಡೆದು, ಅದನ್ನೂ ಒಂದು ಕಡತ ಮಾಡಿ ಅದೇ ಲೇಖನದ ಕೆಳಗೆ ಅಚ್ಚು ಹಾಕುತ್ತೇನೆ.