ರಾಜಕುಮಾರಿಯ ಪತ್ರ, ಕೆಲಸದವಳ ಪತ್ರ

ತತ್ವಶಾಸ್ತ್ರವನ್ನು ದೇವರ ಕೋಣೆಯಲ್ಲಿಟ್ಟು ಊದುಬತ್ತಿ ಹಚ್ಚುವ ನಮ್ಮ ಪಂಡಿತರು ದೇಕಾರ್ತ್ ಅಂದರೆ ಸಾಕು, ಕೈಮುಗಿಯುತ್ತಾರೆ. ಮನಸ್ಸು ಬೇರೆ, ಮೈ ಬೇರೆ. ಮನಸ್ಸಿಗೆ ಉದ್ದಗಲವಿಲ್ಲ, ಮೈ ಒಂದು ಯಂತ್ರ. ಇದು ಅವನ ವಾದ. ಸರಿ ಸ್ವಾಮಿ, ಆ ಯಂತ್ರ ಯಾರ ಮೈ? ಗಂಡಿನದೋ, ಹೆಣ್ಣಿನದೋ, ಆಳಿನದೋ?

ಅವನನ್ನು ಮೊದಲು ಇಕ್ಕಟ್ಟಿಗೆ ಸಿಕ್ಕಿಸಿದವರಲ್ಲಿ ಒಬ್ಬಳು ಬೊಹೆಮಿಯದ ಎಲಿಜಬೆತ್. ಅಪ್ಪ 1620ರಲ್ಲಿ ಪಟ್ಟ ಕಳಕೊಂಡು, ಹಾಲೆಂಡಿನಲ್ಲಿ ಆಶ್ರಯ ಪಡೆದ ಮನೆತನ. 1643ರಲ್ಲಿ, ಇಪ್ಪತ್ತನಾಲ್ಕರ ಪ್ರಾಯದಲ್ಲಿ, ಆಕೆ ಪತ್ರ ಬರೆದು ಕೇಳಿದಳು: ತಳ್ಳಬೇಕಾದರೆ ಮುಟ್ಟಬೇಕು, ಮುಟ್ಟಲಿಕ್ಕೆ ಮೈಯೇ ಇಲ್ಲದ ಆತ್ಮ ಮೈಯನ್ನು ಹೇಗೆ ಅಲ್ಲಾಡಿಸೀತು? ಅವನು ಭಾರದ ಉದಾಹರಣೆ ಕೊಟ್ಟು ಜಾರಿಕೊಂಡ. ಆಕೆ ಬಿಡಲಿಲ್ಲ. 1645ರಲ್ಲಿ ಜ್ವರ, ಒಣಕೆಮ್ಮು ಹಿಡಿದಾಗ ಅವನು ದುಃಖವೇ ಕಾರಣ, ಮನಸ್ಸನ್ನು ಬೇರೆ ಕಡೆ ತಿರುಗಿಸಬೇಕು ಅಂತ ಉಪದೇಶ ಮಾಡಿದ. ಯೋಚಿಸುವ ಶಕ್ತಿಯನ್ನೇ ಕಿತ್ತುಕೊಳ್ಳುವ ರೋಗಗಳೂ ಇವೆಯಲ್ಲ ಎಂದು ಆಕೆ ಉತ್ತರಿಸಿದಳು. ಮೈಯಲ್ಲಿ ಬೇನೆ ಇದ್ದವರ ಮಾತು ಇದು.

ಹಾಗಂತ ದೇಕಾರ್ತನನ್ನು ತಿಪ್ಪೆಗೆ ಎಸೆಯಲೂ ಆಗದು. ಮನಸ್ಸು ಮೈಯಿಂದ ಬೇರೆಯಾದರೆ ಅದಕ್ಕೆ ಗಂಡು ಹೆಣ್ಣೆಂಬುದು ಎಲ್ಲಿಯದು ಅಂತ 1673ರಲ್ಲಿ ಪೂಲ್ಯಾಂ ದ ಲಾ ಬಾರ್ ಅದೇ ವಾದವನ್ನು ತಿರುಗಿಸಿ, ಹೆಂಗಸರು ಪಾಠ ಹೇಳಬಹುದು, ಪೌರೋಹಿತ್ಯ ಮಾಡಬಹುದು, ದಂಡು ನಡೆಸಬಹುದು ಎಂದು ಸಾಧಿಸಿದ. ಹುಟ್ಟಿದ ಮೈಯೇ ಮೈಲಿಗೆ ಅನ್ನಿಸಿಕೊಂಡು ಊರಾಚೆ ಉಳಿದ ನಮಗೆ ಈ ವಾದದ ಬೆಲೆ ಗೊತ್ತು.

ನನ್ನ ತಕರಾರು ಬೇರೆ. ಎಲಿಜಬೆತ್‌ಳನ್ನು ಈಗ ವಿಮರ್ಶಕರು ಹುಡುಕಿ ತಂದಿದ್ದಾರೆ, ಒಳ್ಳೇದೇ. ಆದರೆ ಹೆಲೆನಾ ಯಾನ್ಸ್? ಆಮ್‌ಸ್ಟರ್‌ಡಾಮಿನ ಪುಸ್ತಕ ವ್ಯಾಪಾರಿಯ ಮನೆಯಲ್ಲಿ ಕೆಲಸಕ್ಕಿದ್ದವಳು. ಆ ಮನೆಯಲ್ಲಿ ಬಿಡಾರ ಮಾಡಿದ್ದ ದೇಕಾರ್ತನಿಂದ 1635ರಲ್ಲಿ ಹೆಣ್ಣುಮಗು ಹೆತ್ತಳು. ಹೆಸರು ಫ್ರಾನ್ಸೀನ್. ಐದು ವರ್ಷ ಬದುಕಿ, 1640ರಲ್ಲಿ ಜ್ವರದಲ್ಲಿ ಸತ್ತಿತು. ಅವನು ಅತ್ತದ್ದು ನಿಜ. ಅವಳನ್ನು ಮದುವೆಯಾಗಲಿಲ್ಲ ಅನ್ನುವುದೂ ನಿಜ. 1644ರಲ್ಲಿ ಹೆಲೆನಾಳ ಮದುವೆ ಬೇರೊಬ್ಬನ ಜೊತೆ ಆಯಿತು, ಖರ್ಚಿಗೆ ಇವನು ಹಣ ಕೊಟ್ಟ. ಅದೇ ವರ್ಷ ತನ್ನ ದೊಡ್ಡ ಗ್ರಂಥವನ್ನು ಎಲಿಜಬೆತ್‌ಳಿಗೆ ಅರ್ಪಿಸಿದ.

ಅಕ್ಷರ ಬಾರದವಳೂ ಅಲ್ಲ ಆಕೆ, ಅವರಿಬ್ಬರ ನಡುವೆ ಓಲೆ ಓಡಾಡಿದ್ದುಂಟು. ರಾಜಕುಮಾರಿಯ ಪತ್ರಗಳು 1879ರಲ್ಲಿ ಅಚ್ಚಾದವು. ಹೆಲೆನಾ ಬರೆದದ್ದು ಒಂದೂ ಉಳಿದಿಲ್ಲ.